ವಿಧಾನಸೌಧ ಪೂರ್ತಿ ಹಿಡಿಸದ ಲೆನ್ಸು: ಒಂದು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಲೆನ್ಸಿನಲ್ಲಿ ವಿಧಾನಸೌಧ ಪೂರ್ತಿ ಬರುವುದಿಲ್ಲ. ಅದು ನನಗೆ ಗೊತ್ತಾಗಿದ್ದು ದುಡ್ಡು ಕೊಟ್ಟ ಮಾರನೇ ದಿನ.

ಲೆನ್ಸು 35 ಎಂಎಂ, ಜೂಮ್ ಇಲ್ಲ, ಎಫ್ 1.8 (ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಬಿಡುವ ಕಿಂಡಿ ದೊಡ್ಡದು). ಕ್ರಾಪ್ ಸೆನ್ಸರ್, ಅಂದರೆ ಚಿತ್ರ ಹಿಡಿಯುವ ಚಿಪ್ಪು ತುಸು ಚಿಕ್ಕದಿರುವ ಕ್ಯಾಮೆರಾಕ್ಕೆ ಹಾಕುವಂಥದ್ದು. ಕಂಪನಿ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಕ್ಯಾಮೆರಾ ಬ್ರ್ಯಾಂಡ್ ವಿಷಯ ಎತ್ತಿದರೆ ನಮ್ಮ ಜನ ಐಪಿಎಲ್ ಟೀಮಿಗಿಂತ ಜಾಸ್ತಿ ಜಗಳ ಆಡುತ್ತಾರೆ. ದೊಡ್ಡ ಕಂಪನಿಗಳಲ್ಲಿ ಹೆಚ್ಚೂ ಕಡಿಮೆ ಇಂಥದ್ದೊಂದು ಸಿಗುತ್ತದೆ. ಆಫೀಸಿನವರೊಬ್ಬರು ಮಗಳ ನಾಮಕರಣಕ್ಕೆ ಅಂತ ತಗೊಂಡು ಆಮೇಲೆ ಬೀರುವಿನಲ್ಲಿ ಇಟ್ಟುಬಿಟ್ಟಿದ್ದರು. ನನಗೆ 7,500 ರೂಪಾಯಿಗೆ ಕೊಟ್ಟರು. ತೂಕ ಸುಮಾರು 200 ಗ್ರಾಂ. ಟಿಫಿನ್ ಬಾಕ್ಸು, ಛತ್ರಿ, ನೀರಿನ ಬಾಟ್ಲಿ ಇರುವ ಬ್ಯಾಗಿನಲ್ಲಿ ಕ್ಯಾಮೆರಾ ಸಮೇತ ಕೂರುತ್ತದೆ. ನನ್ನ ಮಟ್ಟಿಗೆ ಅದು ದೊಡ್ಡ ವಿಷಯ.

ನಾನು ಕೆಲಸ ಮಾಡುವುದು ವಿಧಾನಸೌಧದ ಹತ್ತಿರವೇ, ಸರ್ಕಾರಿ ಕಚೇರಿಗಳಿರುವ ಎಂ.ಎಸ್. ಬಿಲ್ಡಿಂಗಿನಲ್ಲಿ. ಮೆಟ್ರೋದಲ್ಲಿ ನೂಕುನುಗ್ಗಲು ಶುರುವಾಗುವ ಮೊದಲೇ ಹೊರಟರೆ 8.20ಕ್ಕೆ ಅಂಬೇಡ್ಕರ್ ಸ್ಟೇಷನ್ನಿನಿಂದ ಮೇಲೆ ಬರುತ್ತೇನೆ. ಆಫೀಸಿಗೆ ಇನ್ನೂ ಬೇಕಾದಷ್ಟು ಹೊತ್ತು. ಫೋಟೋ ಕಲಿಯಬೇಕು ಅಂತ ಆಸೆ, ಆದರೆ ಭಾನುವಾರ ನಂದಿ ಬೆಟ್ಟಕ್ಕೆ ಓಡುವ ಶಕ್ತಿ ಇಲ್ಲ. ಎದುರಿಗೇ ಇರುವುದನ್ನು ತೆಗೆಯೋಣ ಅಂತ ನನಗೆ ನಾನೇ ಒಂದು ನಿಯಮ ಹಾಕಿಕೊಂಡೆ: ಒಂದೇ ಲೆನ್ಸು, ಒಂದೇ ಕಟ್ಟಡ, ಎದುರಿನ ಫುಟ್‌ಪಾತು.

ಮೊದಲ ದಿನ ಕ್ಯಾಮೆರಾ ಎತ್ತಿದೆ. ನಡುವಿನ ಗುಮ್ಮಟ ಬಂತು, ಮೆಟ್ಟಿಲು ಬಂತು, ಎರಡೂ ತುದಿ ಹೊರಗೆ. ಹಿಂದೆ ಸರಿದೆ, ಬೆನ್ನಿಗೆ ಹೈಕೋರ್ಟ್ ಕಡೆಯ ಬೇಲಿ. ಮನೆಗೆ ಹೋಗಿ ಲೆಕ್ಕ ಹಾಕಿದೆ. ಕಟ್ಟಡದ ಉದ್ದ 700 ಅಡಿ. ಈ ಲೆನ್ಸಿನಲ್ಲಿ ಅಷ್ಟೂ ಹಿಡಿಯಬೇಕಾದರೆ ಸುಮಾರು ಸಾವಿರ ಅಡಿ ದೂರ ನಿಲ್ಲಬೇಕು. ಅಂದರೆ ಹೈಕೋರ್ಟಿನ ಗೋಡೆ ತೂರಿಕೊಂಡು ಕಬ್ಬನ್ ಪಾರ್ಕಿನ ಕಡೆಗೆ! ವಾಪಸ್ ಕೊಟ್ಟುಬಿಡೋಣ ಅನ್ನಿಸಿತು. ಆದರೆ ಸಹೋದ್ಯೋಗಿ ಹತ್ತಿರ ಹೇಗೆ ಕೇಳೋದು?

ಹಾಗಾಗಿ ತುಂಡು ತುಂಡಾಗಿ ತೆಗೆಯಲು ಶುರು ಮಾಡಿದೆ. ಒಂದು ವಾರ ಬರೀ ಮುಖಮಂಟಪ. ಅಲ್ಲಿ 40 ಅಡಿ ಎತ್ತರದ 12 ಕಂಬಗಳಿವೆ. ಇಷ್ಟು ವರ್ಷ ಅದೇ ರಸ್ತೆಯಲ್ಲಿ ಓಡಾಡಿದ್ದೇನೆ, ಒಂದು ಸಲವೂ ಎಣಿಸಿರಲಿಲ್ಲ. ಕಂಬಗಳ ಫೋಟೋ ಎಲ್ಲ ಮೇಲ್ಗಡೆ ಒಂದಕ್ಕೊಂದು ವಾಲಿಕೊಂಡು ಬರುತ್ತಿದ್ದವು. ಲೆನ್ಸೇ ಕೆಟ್ಟಿದೆ ಅಂದುಕೊಂಡಿದ್ದೆ. ತಪ್ಪು ನನ್ನದು. ಹತ್ತಿರ ನಿಂತು ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದರೆ ಹಾಗೇ ಆಗೋದು. ದೂರ ನಿಂತು, ಕ್ಯಾಮೆರಾ ನೆಟ್ಟಗೆ ಹಿಡಿದು, ಕೆಳಗಡೆ ಬಂದ ರಸ್ತೆಯನ್ನು ಆಮೇಲೆ ಕತ್ತರಿಸಿದರೆ ಕಂಬ ಕಂಬದ ಹಾಗೆ ನಿಲ್ಲುತ್ತವೆ. ಲೆನ್ಸಿನ ಸ್ವಂತ ತಪ್ಪೂ ಒಂದಿದೆ. ಉದ್ದ ಗೆರೆಗಳು ಫ್ರೇಮಿನ ಅಂಚಿನಲ್ಲಿ ತುಸು ಹೊರಕ್ಕೆ ಉಬ್ಬುತ್ತವೆ. ಮುಖದ ಫೋಟೋದಲ್ಲಿ ಗೊತ್ತಾಗಲ್ಲ, ಸೂರಿನ ಗೆರೆಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಕಂಪ್ಯೂಟರಿನಲ್ಲಿ ಸರಿ ಮಾಡಬಹುದು.

ಇನ್ನೊಂದು ತೊಂದರೆ ನೇರಳೆ ಗೆರೆ. ಎಫ್ 1.8ರಲ್ಲಿ ಗುಮ್ಮಟದ ಮೇಲಿನ ಸಿಂಹಗಳನ್ನು ಬಿಳಿ ಆಕಾಶಕ್ಕೆ ಎದುರಾಗಿ ತೆಗೆದರೆ ಅಂಚಿಗೆಲ್ಲ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಎಫ್ 4ಕ್ಕೆ ಹೋದರೆ ಹೆಚ್ಚು ಕಡಿಮೆ ಮಾಯ. 5.6ರಿಂದ 8ರ ನಡುವೆ ಕಲ್ಲು ಕಲ್ಲು ಬೇರೆ ಬೇರೆಯಾಗಿ ಕಾಣುವಷ್ಟು ಚೂಪು.

ಎರಡು ತಿಂಗಳಾದ ಮೇಲೆ ಬೇಜಾರು ಬಂತು, ಸುಳ್ಳು ಹೇಳಲ್ಲ. ದಿನಾ ಅದೇ ಫೋಟೋ. ಆದರೂ ಬಿಡಲಿಲ್ಲ, ಆಫೀಸ್ ಡೈರಿಯ ಕೊನೇ ಹಾಳೆಗಳಲ್ಲಿ ಟೈಮು, ಮೋಡ, ನೆರಳು ಯಾವ ಕಡೆಗೆ ಅಂತ ಬರೆದಿಡುತ್ತಾ ಬಂದೆ. ಮೇ ತಿಂಗಳಲ್ಲಿ ಬೆಳಗಿನ ಬಿಸಿಲು ಬಲಗಡೆಯಿಂದ ಓರೆಯಾಗಿ ಬೀಳುತ್ತಿತ್ತು. ಕಂಬ, ಕಮಾನು, ಕಿಟಕಿ ಎಲ್ಲ ಉಬ್ಬಿಕೊಂಡು ಕಾಣುತ್ತಿದ್ದವು. ಡಿಸೆಂಬರಿನಲ್ಲಿ ಅದೇ ಹೊತ್ತಿಗೆ ಬಿಸಿಲು ನನ್ನ ಬೆನ್ನ ಹಿಂದಿನಿಂದ, ನೇರ ಮುಖಕ್ಕೆ. ಕಟ್ಟಡ ಕ್ಯಾಲೆಂಡರ್ ಚಿತ್ರದ ಹಾಗೆ ಚಪ್ಪಟೆ. ಆಗ ಊಟದ ಬಿಡುವಿನಲ್ಲಿ ಹೋಗಿ ನೋಡಿದೆ, ಬಿಸಿಲು ಎಡಗಡೆಗೆ ಬಂದಿತ್ತು, ನೆರಳೂ ಬಂದಿತ್ತು. ಮೇನಲ್ಲಿ ಆ ಹೊತ್ತಿಗೆ ಮುಂಭಾಗವೆಲ್ಲ ನೆರಳೇ. ವಿಧಾನಸೌಧದ ಮುಖ ಪೂರ್ವಕ್ಕೆ ಅಂತಾರೆ, ಸರಿಯಾಗಿ ನೋಡಿದರೆ ಅದು ಆಗ್ನೇಯಕ್ಕೆ ತಿರುಗಿದೆ. ಉತ್ತರಾಯಣ, ದಕ್ಷಿಣಾಯನ ಅಂತ ಪಂಚಾಂಗದಲ್ಲಿ ಓದಿದ್ದು ನನಗೆ ಅರ್ಥ ಆಗಿದ್ದು ಆ ಕಂಬಗಳ ನೆರಳಿನಲ್ಲಿ.

ಕಲ್ಲಿನ ಬಣ್ಣವೂ ಹಾಗೇ. ಇದು ಮಲ್ಲಸಂದ್ರ, ಹೆಸರಘಟ್ಟದ ಕಡೆಯ ಗ್ರಾನೈಟ್. ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕಪ್ಪು ಕಲ್ಲು. ಮೋಡವಿದ್ದರೆ ಬೂದು, ಬಿಸಿಲಿದ್ದರೆ ಹೊಳೆಯುವ ಬಿಳುಪು. ಆ ಬಿಳುಪು ನೋಡಿ ಕ್ಯಾಮೆರಾ ಬೆಳಕು ಜಾಸ್ತಿ ಆಯ್ತು ಅಂತ ಕಡಿಮೆ ಮಾಡಿಬಿಡುತ್ತದೆ, ಕಲ್ಲು ಸಿಮೆಂಟಿನ ಹಾಗೆ ಬರುತ್ತದೆ. ಬೆಳಕು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಶರ್ ಸೆಟ್ಟಿಂಗನ್ನು ಪ್ಲಸ್ 0.7 ಇಟ್ಟರೆ ಸರಿ. ಇದನ್ನು ಯೂಟ್ಯೂಬಿನಲ್ಲಿ ಹತ್ತು ಸಲ ಕೇಳಿದ್ದೆ, ಕೈಗೆ ಹತ್ತಿದ್ದು ನಲವತ್ತನೇ ಫೋಟೋಗೋ ಐವತ್ತನೆಯದಕ್ಕೋ. ಅಂದ ಹಾಗೆ ಇದನ್ನು ಕಟ್ಟಿದ ಸುಮಾರು 5,000 ಕೂಲಿಯಾಳುಗಳಲ್ಲಿ ಹೆಚ್ಚಿನವರು ಕೈದಿಗಳು. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದ್ದು, 1956ರಲ್ಲಿ ಮುಗಿದಿದ್ದು. ಓರೆ ಬಿಸಿಲಿನ ಫೋಟೋ ದೊಡ್ಡದು ಮಾಡಿ ಕಲ್ಲಿನ ಸಂದುಗಳನ್ನು ನೋಡುವಾಗ ಇದನ್ನು ಕಟ್ಟಿಸಿದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರಿಗಿಂತ ಆ ಕೂಲಿಯಾಳುಗಳೇ ಜಾಸ್ತಿ ನೆನಪಾಗುತ್ತಾರೆ.

ನನಗೆ ತುಂಬಾ ಇಷ್ಟವಾದ ಫೋಟೋ ಬಂದಿದ್ದು ಅಕ್ಟೋಬರಿನಲ್ಲಿ. ರಾತ್ರಿ ಮಳೆ ಸುರಿದು ಫುಟ್‌ಪಾತಿನ ಕಲ್ಲು ಕಿತ್ತಲ್ಲಿ ಊಟದ ತಟ್ಟೆಯಷ್ಟು ನೀರು ನಿಂತಿತ್ತು. ಕೂತು ನೋಡಿದರೆ ಅದರೊಳಗೆ ಗುಮ್ಮಟ ತಲೆಕೆಳಗಾಗಿ. ಈ ಲೆನ್ಸು 30 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಮಾಡುತ್ತದೆ. ಕ್ಯಾಮೆರಾ ನೆಲಕ್ಕೆ ತಾಗಿಸಿ ತೆಗೆದೆ. ನೀರಿನ ಮೇಲಿದ್ದ ಮಳೆಮರದ ಎಲೆ ಚೂಪಾಗಿ ಬಂತು, ಗುಮ್ಮಟ ಮಂಜು. ಎಫ್ 8 ಮಾಡಿದೆ, ಆದರೂ ಮಂಜು. ಆರೇಳು ಸಲ ಆದ ಮೇಲೆ ತಲೆಗೆ ಹೊಳೆಯಿತು: ನೀರು ಹತ್ತಿರ ಇದ್ದರೂ ಅದರೊಳಗಿನ ಗುಮ್ಮಟ ನಿಜವಾದ ಗುಮ್ಮಟದಷ್ಟೇ ದೂರ. ಫೋಕಸ್ ಪಾಯಿಂಟನ್ನು ಎಲೆಯಿಂದ ತೆಗೆದು ಪ್ರತಿಬಿಂಬದ ಮೇಲಿಟ್ಟೆ. ಮೋಟರು ಜುಂಯ್ ಅಂತ ದೂರಕ್ಕೆ ಓಡಿತು, ಸಿಂಹಗಳು ನೀರಿನೊಳಗೆ ಎದ್ದು ನಿಂತವು. ಸೀರೆ ಅಂಚು ಕೆಸರಾಯ್ತು. ಅವತ್ತು ಇಡೀ ದಿನ ಆಫೀಸಿನಲ್ಲಿ ಫೈಲುಗಳ ನಡುವೆ ಒಬ್ಬಳೇ ನಗುತ್ತಿದ್ದೆ.

ಭಾನುವಾರ ಸಂಜೆ ದೀಪ ಹಾಕಿದಾಗ ಎಫ್ 1.8ರ ಬೆಲೆ ಗೊತ್ತಾಗುತ್ತದೆ. ಇದರಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ. ಆದರೂ ಟ್ರೈಪಾಡ್ ಹೊರುವ ಉಸಾಬರಿ ಇಲ್ಲದೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಜಾಸ್ತಿ ಆದರೆ ಫೋಟೋ ಕಾಳು ಕಾಳು) 1600ರ ಒಳಗೇ ಕೈಯಲ್ಲಿ ಹಿಡಿದು ತೆಗೆಯಬಹುದು. ಆಕಾಶ ಪೂರ್ತಿ ಕಪ್ಪಾಗುವ ಮೊದಲು, ಕಡುನೀಲಿ ಇರುವಾಗಲೇ ಮುಗಿಸಿಬಿಡಿ.

ಯಾರು ತಗೊಳ್ಳಬಹುದು? ಫೋನಿನಲ್ಲಿ ತೆಗೆದು ಸಾಕಾಗಿ, ಏನಾದರೂ ಒಂದನ್ನು ಬಿಡದೆ ನೋಡುವ ತಾಳ್ಮೆ ಇದ್ದವರು. ಮನೆ ಮಂದಿಗೆ, ಮಕ್ಕಳಿಗೆ, ಊಟದ ತಟ್ಟೆಗೆ ತುಂಬಾ ಚೆಂದ. ಗೃಹಪ್ರವೇಶದಲ್ಲಿ ಸಣ್ಣ ಹಾಲಿನೊಳಗೆ ಇಪ್ಪತ್ತು ಜನರ ಗ್ರೂಪ್ ಫೋಟೋ ತೆಗೆಯಬೇಕು ಅಂದರೆ ಬೇಡವೇ ಬೇಡ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಟಾರ್ಚ್ ಬಿಟ್ಟು ಒಳಗೆ ಫಂಗಸ್ ಇದೆಯಾ ನೋಡಿ. ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ನೇರಳೆ ಗೆರೆಗೆ.

ಅಲ್ಲಿ ಬೆಳಗಿನ ಡ್ಯೂಟಿಯಲ್ಲಿ ಒಬ್ಬರು ಕಾನ್‌ಸ್ಟೇಬಲ್ ಇರುತ್ತಾರೆ. ಶುರುವಿನಲ್ಲಿ "ಏನ್ ಮೇಡಂ, ದಿನಾ ಅದನ್ನೇ ತೆಗೀತೀರಲ್ಲ, ಅದೇನು ಜಾಗ ಬಿಟ್ಟು ಹೋಗುತ್ತಾ?" ಅಂದಿದ್ದರು. ಹೋದ ವಾರ ಅವರೇ ಬಂದು ತಮ್ಮದೊಂದು ಫೋಟೋ ತೆಗೆಯಿರಿ ಅಂದರು. ತೆಗೆದೆ. ಟೋಪಿ, ಮೀಸೆ ಎಲ್ಲ ಚೂಪು, ಹಿಂದೆ ಕಂಬಗಳು ಮೆತ್ತಗೆ. ತೋರಿಸಿದೆ.

"ಚೆನ್ನಾಗಿದೆ. ಆದ್ರೆ ಬಿಲ್ಡಿಂಗ್ ಪೂರ್ತಿ ಬಂದಿಲ್ವಲ್ಲ ಮೇಡಂ?"

"ಇದ್ರಲ್ಲಿ ಬರಲ್ಲ ಸರ್."

ಅವರು ಜೇಬಿನಿಂದ ಫೋನ್ ತೆಗೆದು, ಪನೋರಮಾ ಮೋಡಿನಲ್ಲಿಟ್ಟು, ಎಡದಿಂದ ಬಲಕ್ಕೆ ನಿಧಾನ ತಿರುಗಿಸಿ ನನ್ನ ಮುಂದೆ ಹಿಡಿದರು. ಎರಡೂ ತುದಿ ಬಂದಿದ್ದವು.