ಮನೆಪಾಠದ ಒಂದು ವರ್ಷ: ಇತಿಹಾಸವೋ, ಭೂಗೋಳವೋ?

ಮಗುವನ್ನು ಮನೆಯಲ್ಲೇ ಓದಿಸುವ ಚಿಕ್ಕಬಳ್ಳಾಪುರದ ಅಪ್ಪ-ಅಮ್ಮಂದಿರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಒಂದು ವರ್ಷ ಒಂದನ್ನೇ ಗಟ್ಟಿಯಾಗಿ ಹಿಡಿಯುವುದಾದರೆ, ಹತ್ತು-ಹನ್ನೆರಡು ವಯಸ್ಸಿನವರಿಗೆ ನಾನು ಭೂಗೋಳವನ್ನೇ ಆರಿಸುತ್ತೇನೆ.

ಕಾರಣ ನಂದಿ ಬೆಟ್ಟ. ಸುಮಾರು 1,478 ಮೀಟರ್ ಎತ್ತರದ ಈ ಬೆಟ್ಟದ ಆಸುಪಾಸಿನಲ್ಲೇ ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಹುಟ್ಟುತ್ತವೆ. ಒಂದು ಕಾವೇರಿ ಸೇರುತ್ತದೆ, ಇನ್ನೊಂದು ಆಂಧ್ರಕ್ಕೆ, ಮತ್ತೊಂದು ತಮಿಳುನಾಡಿಗೆ. ಅಕ್ಕಪಕ್ಕ ಬಿದ್ದ ಮಳೆ ಹೀಗೇಕೆ ಬೇರೆ ಬೇರೆ ದಿಕ್ಕು ಹಿಡಿಯುತ್ತದೆ? ನಕ್ಷೆಯಲ್ಲಿ ಎತ್ತರ ತೋರಿಸುವ ಗೆರೆಗಳ ಮೇಲೆ ಬೆರಳಾಡಿಸಿದರೆ ಉತ್ತರ ಮಗುವಿಗೇ ಸಿಗುತ್ತದೆ. ಇಷ್ಟು ನದಿ ಹುಟ್ಟಿಯೂ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆ, ಬೋರ್‌ವೆಲ್, ಬೆಂಗಳೂರಿನಲ್ಲಿ ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ಹರಿಸುವ ಎಚ್‌ಎನ್ (ಹೆಬ್ಬಾಳ-ನಾಗವಾರ) ವ್ಯಾಲಿ ನೀರು, ಎಲ್ಲವೂ ಪಾಠವೇ ಅಲ್ವಾ?

ಇತಿಹಾಸವೂ ಇಲ್ಲಿ ಕಡಿಮೆಯಿಲ್ಲ. ಭೋಗನಂದೀಶ್ವರ ದೇವಸ್ಥಾನವಿದೆ, 1791ರಲ್ಲಿ ಬ್ರಿಟಿಷರು ಟಿಪ್ಪುವಿನಿಂದ ಗೆದ್ದ ನಂದಿದುರ್ಗವಿದೆ. ಆದರೆ ಸಾವಿರ ವರ್ಷ ಎಂದರೆ ಎಷ್ಟು ಹಿಂದೆ ಎಂಬ ಅಂದಾಜು ಈ ವಯಸ್ಸಿಗೆ ಕಷ್ಟ. ಇಸವಿಗಳು ಸುಮ್ನೆ ಬಾಯಿಪಾಠವಾಗುತ್ತವೆ. ಕಥೆ ಎಂದರೆ ಪ್ರಾಣ ಬಿಡುವ ಮಗುವಾದರೆ ಮಾತ್ರ ಇತಿಹಾಸವೇ ಮೊದಲಿರಲಿ.

ಭೂಗೋಳ ಹಿಡಿದರೂ ಇತಿಹಾಸ ಪೂರ್ತಿ ಬಿಟ್ಟುಹೋಗದು. ಉತ್ತರ ಪಿನಾಕಿನಿಯ ಜೊತೆ ಹೊರಟರೆ ವಿದುರಾಶ್ವತ್ಥ ಬರುತ್ತದೆ. 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಗುಂಡು ಹಾರಿಸಿದ ಜಾಗ ಅದು. ಅಲ್ಲಿಗೆ ಒಂದು ಇಡೀ ದಿನ ಕೊಡಿ.

ಶಾಲೆಗೆ ಹೋಗದವರೂ ಬರೆಯಬಹುದಾದ ಎನ್‌ಐಒಎಸ್‌ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ಹತ್ತನೇ ತರಗತಿ ಪರೀಕ್ಷೆ ಹತ್ತಿರವಿದ್ದರೆ ಲೆಕ್ಕ ಬೇರೆ. ಅಲ್ಲಿನ ಸಮಾಜ ವಿಜ್ಞಾನದಲ್ಲಿ ಎರಡೂ ಇವೆ, ಒಂದನ್ನು ಬದಿಗಿಡಲು ಆಗುವುದಿಲ್ಲ.