ಆಲೆಮನೆ ಲೆಕ್ಕಕ್ಕೇ ಬಾರದ ಮಂಡ್ಯದ ಯೋಜನೆ

ನಗರಸಭೆ, ಪುರಸಭೆಗಳಿಗೆ ಆರ್ಥಿಕ ಅಭಿವೃದ್ಧಿ ಯೋಜನೆ ಬರೆದುಕೊಡುವ ಮೈಸೂರಿನ ಸಲಹಾ ಸಂಸ್ಥೆಯೊಂದು ಮಂಡ್ಯ ಭಾಗಕ್ಕೆ ತಯಾರಿಸಿದ ವರದಿಯ ವಿಮರ್ಶೆ ಇದು. ಮುದ್ರಣ, ನಕಾಶೆ ಅಚ್ಚುಕಟ್ಟಾಗಿವೆ. ತಕರಾರು ಒಳಗಿನ ಹೂರಣದ್ದು.

ವರದಿ ನಿಂತಿರುವುದು ಲೊಕೇಶನ್ ಕೋಶಂಟ್ ಲೆಕ್ಕದ ಮೇಲೆ. ಜಿಲ್ಲೆಯ ದುಡಿಯುವವರಲ್ಲಿ ಒಂದು ಕಸುಬಿನವರು ಶೇಕಡಾ ಎಷ್ಟೋ ಅದನ್ನು ರಾಜ್ಯದ ಶೇಕಡಾವಾರಿನಿಂದ ಭಾಗಿಸುವುದು. ಇಲ್ಲಿ 6, ಅಲ್ಲಿ 2 ಇದ್ದರೆ ಉತ್ತರ 3. ಉತ್ತರ 1 ದಾಟಿದರೆ ಆ ಕಸುಬಿನಲ್ಲಿ ಜಿಲ್ಲೆ ಗಟ್ಟಿ. ಗಣಿತ ಸರಿಯಾಗಿಯೇ ಇದೆ, ಎಡವಿರುವುದು ಅಂಕಿಅಂಶದ ಮೂಲದಲ್ಲಿ. ಬಳಸಿರುವುದು ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ. ವಿದ್ಯುತ್ ಇರುವ ಕಡೆ 10, ಇಲ್ಲದ ಕಡೆ 20 ಕೆಲಸಗಾರರಾದರೂ ಇದ್ದರೆ ಮಾತ್ರ ಆ ಕಾರ್ಖಾನೆ ಅದರೊಳಗೆ ಬರುವುದು. 1933ರ ಮೈಷುಗರ್ ಸಕ್ಕರೆ ಕಾರ್ಖಾನೆ ಲೆಕ್ಕಕ್ಕೆ ಸಿಗುತ್ತದೆ. ಒಂದು ಗಾಣ, ಒಂದು ಕೊಪ್ಪರಿಗೆ, ಏಳೆಂಟು ಆಳುಗಳ ಆಲೆಮನೆ ಸಿಗುವುದಿಲ್ಲ. ಹಾಗಾಗಿ ಕೋಷ್ಟಕದಲ್ಲಿ ಸಕ್ಕರೆ ಇದೆ, ಬೆಲ್ಲವೇ ಇಲ್ಲ! ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಮಂಡ್ಯಕ್ಕೆ ಆಯ್ಕೆಯಾದ ಉತ್ಪನ್ನವೇ ಬೆಲ್ಲ, ಘಟಕಕ್ಕೆ ಶೇ 35ರಂತೆ ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ. ಬೆಲ್ಲವನ್ನು ಲೆಕ್ಕಕ್ಕೆ ತರಲು ಮೊದಲು ಆಗಬೇಕಾದದ್ದು ಪಂಚಾಯಿತಿವಾರು ಆಲೆಮನೆ ಗಣತಿ: ಗಾಣ ಎಷ್ಟಿವೆ, ವರ್ಷದಲ್ಲಿ ಎಷ್ಟು ತಿಂಗಳು ಒಲೆ ಉರಿಯುತ್ತದೆ, ಕಬ್ಬು ಸ್ವಂತದ್ದೋ ಕೊಂಡದ್ದೋ, ಆಳುಗಳು ಎಲ್ಲಿಯವರು.

ಕೊನೆಯಲ್ಲಿ ಶಾಸ್ತ್ರಕ್ಕೆಂಬಂತೆ ‘ಮಂಡ್ಯ ಬೆಲ್ಲಕ್ಕೆ ಬ್ರ್ಯಾಂಡ್’ ಎಂದು ಒಂದು ಸಾಲು ಸೇರಿಸಿದ್ದಾರೆ. ಬಿಳಿ ಅಚ್ಚಿಗೆ ಗಿರಾಕಿ ಇರುವ ತನಕ ಪಾಕಕ್ಕೆ ಹೈಡ್ರೋಸ್ ಎಂಬ ಬಣ್ಣ ತೆಗೆಯುವ ರಾಸಾಯನಿಕ ಬೀಳುವುದು ನಿಲ್ಲದು. ಪರೀಕ್ಷೆಗೆ ಲ್ಯಾಬ್, ಕಂದು ಬೆಲ್ಲಕ್ಕೆ ಬೇರೆ ದರ, ಇವೆರಡೂ ಇಲ್ಲದೆ ಬ್ರ್ಯಾಂಡ್ ಎಂದರೆ ಬರೀ ಚೀಟಿ.

ಹೆದ್ದಾರಿಯ ಅಧ್ಯಾಯ ಮಾತ್ರ ಕಾಸಿಗೆ ತಕ್ಕ ಕೆಲಸ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಯಿತು, ಬೈಪಾಸ್‌ನಿಂದಾಗಿ ಮದ್ದೂರಿನ ಹಳೇ ರಸ್ತೆಯ ವಡೆ–ಕಾಫಿ ಹೋಟೆಲುಗಳಿಗೆ ಪೆಟ್ಟು ಬಿತ್ತು. ಹಳೆಯ ವಾಹನ ಗಣತಿಯನ್ನೇ ಎತ್ತಿಕೊಳ್ಳದೆ ಹೊಸದಾಗಿ ಎಣಿಸಿದ್ದಾರೆ. ಅದರಲ್ಲೂ ಹಾದುಹೋಗುವ ಗಾಡಿಯೇ ಬೇರೆ, ನಿಲ್ಲುವ ಗಾಡಿಯೇ ಬೇರೆ ಎಂದು ವಿಂಗಡಿಸಿದ್ದಾರೆ.

ಕ್ರಿಯಾಯೋಜನೆಯ ಪಟ್ಟಿಗೆ ಬಂದರೆ ಮತ್ತೆ ಹಳೇ ಚಾಳಿ. ಜವಾಬ್ದಾರಿಯ ಕಾಲಂನಲ್ಲಿ ಉದ್ದಕ್ಕೂ ‘ಸಂಬಂಧಪಟ್ಟ ಇಲಾಖೆ’, ಹಣದ ಕಾಲಂನಲ್ಲಿ ‘ಸರ್ಕಾರದ ಅನುದಾನ’. ಯಾವ ಇಲಾಖೆ, ಬಜೆಟ್ಟಿನ ಯಾವ ಲೆಕ್ಕ ಶೀರ್ಷಿಕೆ? ಸಂವಿಧಾನದ 243 ಝಡ್‌ಡಿ ವಿಧಿಯಂತೆ ಪಂಚಾಯಿತಿ ಮತ್ತು ಪಟ್ಟಣಗಳ ಯೋಜನೆಗಳನ್ನು ಕ್ರೋಡೀಕರಿಸಬೇಕಾದ ಜಿಲ್ಲಾ ಯೋಜನಾ ಸಮಿತಿಯ ಹೆಸರೇ ಇಲ್ಲ. ಕಬ್ಬು ಹಳ್ಳಿಯದು, ಬೆಲ್ಲದ ಮಂಡಿ ಪಟ್ಟಣದ್ದು. ಎರಡನ್ನೂ ಒಂದೇ ಮೇಜಿಗೆ ತರಬೇಕಾದದ್ದು ಆ ಸಮಿತಿಯೇ.

ಈ ಸೇವೆ ಪಡೆಯುವವರು ಆ ಎರಡು ಕಾಲಂ ಭರ್ತಿಯಾಗುವವರೆಗೆ ಕೊನೇ ಕಂತು ಕೊಡುವುದಿಲ್ಲವೆಂದು ಕರಾರಿನಲ್ಲೇ ಬರೆಸಿಕೊಳ್ಳಿ. ಕಚ್ಚಾ ಅಂಕಿಗಳ ಎಕ್ಸೆಲ್ ಫೈಲನ್ನೂ ಕೇಳಿ ಪಡೆಯಿರಿ. ಬರೀ ಪಿಡಿಎಫ್ ಕೈಗಿತ್ತರೆ, ಮುಂದೆ ಅದೇ ಲೆಕ್ಕ ಪರಿಷ್ಕರಿಸಲು ಮತ್ತೆ ಅವರಿಗೇ ದುಡ್ಡು ಕಟ್ಟಬೇಕಾಗುತ್ತದೆ.