ದಾಸವಾಳವೋ, ಪನ್ನೀರು ಗುಲಾಬಿಯೋ: ಮನೆಯ ಸಿರಪ್‌ಗೆ ಯಾವ ಹೂ?

ಯುಗಾದಿ ಹತ್ತಿರ ಬಂತೆಂದರೆ ಬಿಸಿಲಿನ ಜತೆ ಶರಬತ್ತಿನ ಆಸೆಯೂ ಏರುತ್ತದೆ. ಮೊದಲ ಸಲ ಮಾಡುವವರಾದರೆ ನನ್ನ ಓಟು ದಾಸವಾಳಕ್ಕೆ.

ಐದೆಸಳಿನ ಕೆಂಪು ದಾಸವಾಳ 20 ಇದ್ದರೆ ಸಾಕು. ತೊಟ್ಟು, ಕೇಸರ ತೆಗೆದು ಎಸಳನ್ನಷ್ಟೇ 2 ಲೋಟ ಕುದಿನೀರಿಗೆ ಹಾಕಿ ಒಲೆ ಆರಿಸಿ. ಹತ್ತು ನಿಮಿಷಕ್ಕೆ ಎಸಳು ಬಿಳಿಚಿಕೊಂಡು ನೀರು ಮಸುಕು ನೇರಳೆಯಾಗುತ್ತದೆ. ಅಯ್ಯೋ, ಕೆಟ್ಟೇ ಹೋಯಿತು ಅನ್ನಿಸುತ್ತದೆ, ಚೆಲ್ಲಬೇಡಿ. ಸೋಸಿ, 2 ಲೋಟ ಸಕ್ಕರೆ ಹಾಕಿ, ಬೆರಳಿಗೆ ಅಂಟುವಷ್ಟು ಕುದಿಸಿ ಇಳಿಸಿ. ಆರಿದ ಮೇಲೆ ನಿಂಬೆಹಣ್ಣು ಹಿಂಡಿದ್ದೇ ತಡ, ಕಣ್ಣೆದುರೇ ಕಡುಗೆಂಪು! ಎಸಳಿನಲ್ಲಿರುವ ಆಂಥೋಸಯನಿನ್ ಎಂಬ ಬಣ್ಣದ ಅಂಶ ಹುಳಿ ತಾಗಿದರೆ ಕೆಂಪಾಗುವುದೇ ಹಾಗೆ. ಎಸಳನ್ನು ಹಿಂಡಬಾರದು, ಲೋಳೆ ಬಿಡುತ್ತದೆ. ಪರಿಮಳ ಮಾತ್ರ ಇಲ್ಲವೇ ಇಲ್ಲ. ಏಲಕ್ಕಿಯೋ ಶುಂಠಿಯೋ ಬೇಕು.

ಗುಲಾಬಿಯದು ಉಲ್ಟಾ. ಘಮ ಧಾರಾಳ, ಬಣ್ಣ ಪೇಲವ. ಆ ಘಮವೂ ಕುದಿಸಿದರೆ ಆವಿಯಾಗಿ ಹೋಗುತ್ತದೆ. ಹಾಗಾಗಿ ಮೊದಲು ಪಾಕ ಮಾಡಿ, ಒಲೆಯಿಂದ ಇಳಿಸಿ, ಎಸಳು ಹಾಕಿ ಮುಚ್ಚಳ ಮುಚ್ಚಿ ರಾತ್ರಿಯಿಡೀ ಬಿಡಬೇಕು. ಎಸಳಿನ ಬುಡದ ಬಿಳಿ ಭಾಗ ಕಹಿ, ಕತ್ತರಿಸಿ ತೆಗೆಯಿರಿ. ಬಣ್ಣ ಬೇಕೆಂದರೆ ಬೀಟ್‌ರೂಟಿನ ಒಂದು ಚೂರು. ಮಾರ್ಕೆಟ್ಟಿನ ಹೂ ಬೇಡ, ಔಷಧ ಹೊಡೆದಿರುತ್ತಾರೆ. ಮನೆಯಂಗಳದಲ್ಲಿ ಪನ್ನೀರು ಗುಲಾಬಿ ಗಿಡ ಇಲ್ಲದವರಿಗೆ ಆಯ್ಕೆಯ ಪ್ರಶ್ನೆಯೇ ಇಲ್ಲ.

ಹಾಲಿಗೆ ಬೆರೆಸಿ ಕೊಡಬೇಕೆಂದಿದ್ದರೆ ಮಾತ್ರ ಗುಲಾಬಿಯೇ ಸರಿ. ನಿಂಬೆ ಹಾಕಿದ ದಾಸವಾಳದ ಸಿರಪ್ ಹಾಲನ್ನು ಒಡೆದುಹಾಕುತ್ತದೆ. ಎರಡನ್ನೂ ಒಣಗಿದ ಗಾಜಿನ ಬಾಟಲಿಯಲ್ಲಿ, ಫ್ರಿಜ್ಜಿನಲ್ಲೇ ಇಡಿ.